ಮನೋದರಿಗೆ ಕಣ್ಣು ಬರೆದ ಹೈಮವತಿ ಟೀಚರ್

ಕಾಗದದ ಮೇಲೆ ಕೆಲಸ ಮಾಡುವವರನ್ನು ಕ್ಯಾನ್ವಾಸಿನವರಿಗಿಂತ ಒಂದು ಮೆಟ್ಟಿಲು ಕೆಳಗೇ ಕೂರಿಸುವ ರೂಢಿ ನಮ್ಮ ಕಲಾಲೋಕದಿಂದ ಇನ್ನೂ ಹೋಗಿಲ್ಲ. ಅಂಥ ಲೋಕದಲ್ಲಿ ಮೂವತ್ತು ವರ್ಷ ಕಾಗದವನ್ನು ಬಿಟ್ಟು ಕದಲದೆ, ಪುರಾಣದ ಹೆಣ್ಣುಗಳನ್ನು, ಅವರಲ್ಲೂ ಮೂಗು ಕೊಯ್ಯಿಸಿಕೊಂಡು, ಬಾಣ ತಿಂದು, ಕಣ್ಣು ಕೀಳಿಸಿಕೊಂಡು ಕತೆಯಿಂದ ಆಚೆಗೆ ಬಿದ್ದವರನ್ನು ಮರಳಿ ಕರೆತಂದು, ಮಣೆ ಹಾಕಿ ಕೂರಿಸಿ, ನಿಮ್ಮ ಕತೆ ನೀವೇ ಹೇಳಿ ಎಂದು ಕೇಳಿದವರು ಯಾರೆಂದರೆ ಮಲಯಾಳ ನಾಡಿನಲ್ಲಿ ಮೊದಲು ನಾಲಗೆಗೆ ಬರುವ ಹೆಸರು ತೆಕ್ಕೇಟತ್ತ್ ಹೈಮವತಿಯವರದು. ಭಾರತಪ್ಪುಳ ನದಿಯ ದಂಡೆಯ ನಮ್ಮ ಕಲಾಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿ, ಈ ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತರಾದ ಅವರಿಗೆ ಶಿಷ್ಯರೂ ಸಹೋದ್ಯೋಗಿಗಳೂ ಕೂಡಿ ಅರ್ಪಿಸುತ್ತಿರುವ ಈ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನಗೆ ಒದಗಿದೆ. ನಾನು ಅವರ ಶಿಷ್ಯನೂ ಹೌದು, ಆಮೇಲೆ ಹದಿನಾರು ವರ್ಷ ಅವರ ಪಕ್ಕದ ಮೇಜಿನವನೂ ಹೌದು.

ಲೇಖನ ಮಲಯಾಳದಲ್ಲೇ ಇರಲಿ ಎಂದು ಸಂಪಾದಕರ ಇಚ್ಛೆಯಿತ್ತು. ಕುಂಬಳೆ ಕಡೆಯ ಕನ್ನಡದವನಾದ ನನಗೆ ಮಲಯಾಳದಲ್ಲಿ ಜಗಳ ಮಾಡಲು ಬರುತ್ತದೆ, ಗೌರವದಿಂದ ಬರೆಯಲು ಬರುವುದಿಲ್ಲ. ಟೀಚರ್ ಹತ್ತಿರವೇ ಹೋಗಿ ಏನು ಮಾಡಲಿ ಎಂದು ಕೇಳಿದೆ. ಇಡೀ ಕಾಲೇಜು ಅವರನ್ನು ಕರೆಯುವುದು ಟೀಚರ್ ಎಂದೇ. ಉಳಿದ ಅಧ್ಯಾಪಕಿಯರಿಗೆಲ್ಲ ಹೆಸರು ಸೇರಿಸಬೇಕು, ಇವರಿಗೆ ಬೇಡ. "ನಿನ್ನ ಕನ್ನಡದಲ್ಲೇ ಬರಿ ಮಾರಾಯ. ಹೊಗಳಿದ್ದು ನಂಗೆ ಅರ್ಥ ಆಗದಿದ್ರೆ ನಾಚಿಕೆ ಸ್ವಲ್ಪ ಕಡಿಮೆ ಆಗ್ತದೆ" ಎಂದರು. ಆ ಅಪ್ಪಣೆಯ ಬಲದಿಂದ ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ಇಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ, ಈ ವರ್ಷದ ಫೆಬ್ರವರಿಯಲ್ಲಿ ನನ್ನ ಕೈಯಿಂದ ಆದ ಪ್ರಮಾದದ್ದು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ತೆಕ್ಕೇಟತ್ತ್ ಮನೆಯವರು ತಲೆತಲಾಂತರದಿಂದ ಕಳಂ ಬರೆಯುವ ಕುರುಪ್ಪುಗಳು. ಭಗವತಿಯ ಗುಡಿಯಲ್ಲಿ ನೆಲದ ಮೇಲೆ ಐದು ಬಣ್ಣದ ಪುಡಿಗಳಿಂದ ದೇವಿಯ ರೂಪವನ್ನು ಬರೆದು, ದೀಪವಿಟ್ಟು, ಹಾಡಿ ಕರೆದು, ಪೂಜೆ ಮುಗಿದ ಮೇಲೆ ಅದೇ ಕೈಯಿಂದ ಅದನ್ನು ಅಳಿಸಿ ದೇವಿಯನ್ನು ಕಳಿಸಿಕೊಡುವುದು ಅವರ ಕುಲದ ಕೆಲಸ. ಬರೆಯುವುದು, ಹಾಡುವುದು, ಅಳಿಸುವುದು ಮೂರೂ ಗಂಡಸರಿಗೆ. ಹೆಂಗಸರಿಗೆ ಪುಡಿ. ಭತ್ತದ ಹೊಟ್ಟು ಸುಟ್ಟು ಕರಿ ಮಾಡುವುದು, ಬಾಗೆ ಮರದ ಎಲೆ ಒಣಗಿಸಿ ಕುಟ್ಟಿ ಹಸಿರು ತೆಗೆಯುವುದು, ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವುದು, ಅಕ್ಕಿ ಹಿಟ್ಟನ್ನು ಬಟ್ಟೆಯಲ್ಲಿ ಜರಡಿ ಹಿಡಿಯುವುದು, ಇಷ್ಟು ಮಾಡಿಕೊಟ್ಟು ಅವರು ಅಡುಗೆಮನೆಗೆ ಮರಳಬೇಕು. ಹೈಮವತಿ ಎಂಬ ಹುಡುಗಿಗೆ ಒಂಬತ್ತು ವರ್ಷಕ್ಕೇ ಪುಡಿಯ ಹದವೆಲ್ಲ ಬೆರಳ ತುದಿಯಲ್ಲಿತ್ತು. ಬೆರಳು ಸುಮ್ಮನಿರಲಿಲ್ಲ, ಹಿತ್ತಿಲಲ್ಲಿ, ಕೊಟ್ಟಿಗೆಯಲ್ಲಿ, ಎಲ್ಲೆಂದರಲ್ಲಿ ಬರೆಯುತ್ತಿತ್ತು. ತಂದೆ ಶಂಕುಣ್ಣಿ ಕುರುಪ್ಪರು ಗದರುವ ಮನುಷ್ಯರಲ್ಲ. ಬರೆದದ್ದನ್ನು ಅಳಿಸು ಮಗಳೇ, ಅಳಿಸದ ಕಳಂ ಇಟ್ಟುಕೊಂಡರೆ ಒಲೆ ಆರಿಸದೆ ಮನೆ ಬಿಟ್ಟುಹೋದ ಹಾಗೆ ಎಂದಷ್ಟೇ ಹೇಳಿದರಂತೆ.

ಹುಡುಗಿ ಅಳಿಸಲಿಲ್ಲ. ನೆಲವನ್ನು ಬಿಟ್ಟು ಕಾಗದಕ್ಕೆ ಬಂದಳು. ಕಾಗದದ ಮೇಲೆ ಬರೆದದ್ದು ಉಳಿಯುತ್ತದೆ, ಗಂಜಿಯ ತಿಳಿ ಚಿಮುಕಿಸಿದರೆ ಪುಡಿ ಅಲ್ಲೇ ಕಚ್ಚಿಕೊಳ್ಳುತ್ತದೆ ಎಂಬುದನ್ನು ಅವಳು ತಾನಾಗಿ ಕಂಡುಕೊಂಡಳು. ಮುಂದೆ ಕಲಾಶಾಲೆಯಲ್ಲಿ ಓದಿ, ಇಪ್ಪತ್ತೇಳನೆಯ ವಯಸ್ಸಿಗೆ ಅಲ್ಲೇ ಅಧ್ಯಾಪಕಿಯಾಗಿ, ಎರಡು ವರ್ಷಕ್ಕೆ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದಾಗ ಅವರ ಬಗ್ಗೆ ಪತ್ರಿಕೆಗಳು ಬರೆದದ್ದೆಲ್ಲ ಈ ಗ್ರಂಥದ ಬೇರೆ ಲೇಖನಗಳಲ್ಲಿ ಬಂದಿದೆ. ಬಾರದೆ ಇರುವುದು ಒಂದಿದೆ. ಆ ಪ್ರದರ್ಶನ ನಡೆದ ವಾರದಲ್ಲೇ ಶಂಕುಣ್ಣಿ ಕುರುಪ್ಪರು ತೀರಿಕೊಂಡರು. ಅಣ್ಣ ಮಾಧವ ಕುರುಪ್ಪರು ಮನೆಯ ಕಳಂ ಕೆಲಸವನ್ನು ಕೈಗೆ ತೆಗೆದುಕೊಂಡರು. ಅಂದಿನಿಂದ ಇಪ್ಪತ್ತೇಳು ವರ್ಷ ಅವರು ತಂಗಿಯ ಒಂದು ಚಿತ್ರವನ್ನೂ ನೋಡಲಿಲ್ಲ. ಓಣಕ್ಕೆ ಮನೆಗೆ ಹೋದರೆ ಊಟ ಹಾಕಿಸುತ್ತಿದ್ದರು, ಬಸ್ಸಿನವರೆಗೆ ಬಂದು ಬಿಡುತ್ತಿದ್ದರು, ಚಿತ್ರದ ಮಾತು ಬಂದರೆ ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತಿದ್ದರು.

ಟೀಚರ್ ಧೈರ್ಯದ ಹೆಂಗಸು ಎಂದು ಎಲ್ಲರೂ ಬರೆದಿದ್ದಾರೆ, ನಿಜ. ಅದೇ ಧೈರ್ಯದ ಹೆಂಗಸು ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಯಲ್ಲಿ ಪುಡಿ ಜರಡಿ ಹಿಡಿಯುತ್ತಾ, ಏನೋ ಹವೆಯ ಮಾತಾಡುವಂತೆ, ನನ್ನೊಡನೆ ಹೇಳಿದರು: "ನಾನು ಅಳಿಸದೆ ಇಟ್ಟದ್ದಕ್ಕೇ ಅಚ್ಛ ಹೋದ್ರಾ ಅಂತ ನಂಗೊಂದು ಹೆದರಿಕೆ ಉಂಟು. ಏಟ್ಟನಿಗೂ ಹಾಗೇ ಅನ್ನಿಸಿರ್ಬೇಕು. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ." ಅಚ್ಛ ಎಂದರೆ ತಂದೆ, ಏಟ್ಟ ಎಂದರೆ ಅಣ್ಣ. ಇಂಥದ್ದನ್ನೆಲ್ಲ ನಂಬುತ್ತೀರಾ ಎಂದು ನಾನು ಕೇಳಿದೆ. ಹಗಲು ನಂಬುವುದಿಲ್ಲ, ಅಣ್ಣನ ಮುಖ ನೋಡಿದಾಗ ನಂಬುತ್ತೇನೆ ಎಂದರು. ಹೊಸ ಚಿತ್ರ ಮುಗಿದಾಗಲೆಲ್ಲ ಅವರು ಒಂದು ದಿನ ಮಂಕಾಗಿರುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಇಷ್ಟು ದೊಡ್ಡ ಭಾರವನ್ನು ಹೊತ್ತುಕೊಂಡೇ ಅವರು ಅಷ್ಟು ಕೆಲಸ ಮಾಡಿದರು ಎಂಬುದು ನನಗೆ ಈಗಲೂ ಸಂಕಟದ ವಿಷಯ.

ಇನ್ನು ನನ್ನ ಋಣದ ಮಾತು. ನಾನು ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗ ಕಲ್ಲಚ್ಚಿನ ತರಗತಿಯಲ್ಲಿ ಅವರೇ ಕೈಯಾರೆ ಹಾಸಿದ್ದ ನಲವತ್ತು ದುಬಾರಿ ಹಾಳೆಗಳನ್ನು ಒಂದೇ ಬೆಳಗ್ಗೆ ಮಸಿ ಬಳಿದು ಹಾಳುಮಾಡಿದೆ. ಮನೆಗೆ ಹೋಗಿಬಿಡೋಣ ಎಂದು ಚೀಲ ಕಟ್ಟಿಕೊಂಡು ನಿಂತವನ ಕೈಗೆ ಮತ್ತೆ ಹತ್ತು ಹಾಳೆ ಕೊಟ್ಟು, ಹಾಳೆ ಹೋದರೆ ಹೋಯ್ತು, ಕೈ ಬರಲಿ ಎಂದು ಹೇಳಿ ಹೋದವರು ಮಧ್ಯಾಹ್ನ ಮರಳಿ ಬಂದು ನೋಡಿದ್ದು ಹಾಳೆಯನ್ನಲ್ಲ, ನಾನು ಉಂಡಿದ್ದೇನೆಯೇ ಎಂದು. ಕಾಮಾಲೆಯಾಗಿ ಹಾಸ್ಟೆಲಿನಲ್ಲಿ ಬಿದ್ದಾಗ ಹನ್ನೆರಡು ದಿನ ಅವರ ಮನೆಯಿಂದ ಕುಚ್ಚಲಕ್ಕಿ ಗಂಜಿ, ಹುರಿದ ಹೆಸರು ಬಂತು. ತಂದುಕೊಡುತ್ತಿದ್ದ ಅವರ ಗಂಡ ಗೋವಿಂದನ್‌ಕುಟ್ಟಿ ಮಾಷು, ಅಂದರೆ ಮೇಷ್ಟ್ರು, ನಿನ್ನಿಂದಾಗಿ ನನಗೂ ಹನ್ನೆರಡು ದಿನ ಉಪ್ಪಿಲ್ಲದ ಗಂಜಿ ಎಂದು ಬಾಗಿಲಲ್ಲೇ ನಿಂತು ದೂರುತ್ತಿದ್ದರು.

ಹುಡುಗಿಯರಿಗೆ ಅವರು ಮಾಡಿದ್ದು ಇದಕ್ಕಿಂತ ದೊಡ್ಡದು. ಸಂಜೆ ಐದಕ್ಕೆ ಮುದ್ರಣದ ಕೊಠಡಿಗೆ ಬೀಗ ಬೀಳುತ್ತಿತ್ತು. ಹುಡುಗರು ಕಾವಲುಗಾರನಿಗೆ ಬೀಡಿ ಕೊಟ್ಟು ಒಳಗೆ ಹೋಗುತ್ತಿದ್ದರು, ಹುಡುಗಿಯರು ಹಾಸ್ಟೆಲಿಗೆ ಹೋಗುತ್ತಿದ್ದರು. ಟೀಚರ್ ಇಲಾಖೆಯ ಮುಖ್ಯಸ್ಥರ ಬಳಿ ಮೂರು ಸಲ ಅರ್ಜಿ ಕೊಟ್ಟರು. ನಾಲ್ಕನೆಯ ಸಲ ಅರ್ಜಿ ಕೊಡದೆ ತಾವೇ ಒಂದು ಬೀಗ ತಂದು ಹಾಕಿ, ಬೀಗದ ಕೈಯನ್ನು ಮೂರನೆಯ ವರ್ಷದ ಹುಡುಗಿಯರಿಗೆ ಕೊಟ್ಟು, ಎಂಟರವರೆಗೆ ತಾವೂ ಅಲ್ಲೇ ಕೂತರು. ಇದು ಒಂದೆರಡು ದಿನದ ಹಟ ಎಂದುಕೊಂಡವರು ಹನ್ನೊಂದು ವರ್ಷ ಕಾದರು. ಇವತ್ತು ಈ ನಾಡಿನಲ್ಲಿ ಅಚ್ಚಿನ ಕೆಲಸ ಮಾಡುವ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಬೀಗದ ಕೈ ಮುಟ್ಟಿದವರು.

ಅವರ ಚಿತ್ರಗಳ ಬಗ್ಗೆ ಬಲ್ಲವರು ಬರೆದಿದ್ದಾರೆ, ನಾನು ನೋಡಿದ್ದನ್ನಷ್ಟೇ ಹೇಳುತ್ತೇನೆ. ಅವರ ತಾಟಕಿ ಕಾಲು ಚಾಚಿ ಕೂತು ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಿರುತ್ತಾಳೆ. ಅಷ್ಟು ಕಾಡು ತಿರುಗಿದವಳಿಗೆ ಮುಳ್ಳು ಚುಚ್ಚದೆ ಇರುತ್ತದೆಯೇ? ಅವರ ಶೂರ್ಪನಖಿ ಅಕ್ಕಸಾಲಿಯ ಎದುರು ಕೂತು ಮೂಗುತಿಯ ಅಳತೆ ಕೊಡುತ್ತಾಳೆ, ಮುಂದೆ ಏನಾಗಲಿದೆಯೆಂದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಪೂತನಿ ಮಗುವಿನ ಬಾಯಿಯ ಹಾಲನ್ನು ಸೆರಗಿನಿಂದ ಒರೆಸುತ್ತಿದ್ದಾಳೆ. ಆ ಪೂತನಿಯ ಮುಂದೆ ಒಮ್ಮೆ ಮೀನು ಮಾರಿ ಬಂದ ಮುದುಕಿಯೊಬ್ಬಳು ಬುಟ್ಟಿ ಇಳಿಸಿ ಬಹಳ ಹೊತ್ತು ನಿಂತು, ವಿಷವೋ ಏನೋ, ಹಾಲು ಕೊಟ್ಟವಳಲ್ಲವೇ ಎಂದು ತನ್ನಷ್ಟಕ್ಕೆ ಅಂದುಕೊಂಡು ಹೋದಳು. ಟೀಚರ್ ಆ ಮಾತನ್ನು ಎಲ್ಲ ವಿಮರ್ಶೆಗಳಿಗಿಂತ ಮೇಲಿಟ್ಟಿದ್ದಾರೆ. ಸಹೋದ್ಯೋಗಿಗಳಲ್ಲಿ ಕೆಲವರು ಅವರನ್ನು ಬೆನ್ನ ಹಿಂದೆ ರಾಕ್ಷಸಿ ಟೀಚರ್ ಎನ್ನುತ್ತಿದ್ದರು. ಅದು ಅವರ ಕಿವಿಗೆ ಬಿದ್ದು, ಮರುದಿನ ಮೇಜಿನ ಮೇಲೆ ಆ ಹೆಸರನ್ನೇ ಚಂದದ ಅಕ್ಷರದಲ್ಲಿ ಬರೆದು ನಿಲ್ಲಿಸಿದರು. ನಗುವವರು ನಿಲ್ಲಿಸಿದರು.

ಕೊನೆಯ ಏಳು ವರ್ಷ ಅವರು ಮನೋದರಿಯೊಡನೆ ಕಳೆದರು. ಕನ್ನಡ ಓದುಗರಿಗೆ ಇವಳು ಹೊಸಬಳು. ರಾವಣನ ಮಂಡೋದರಿ ಬೇರೆ. ಇವಳು ದಾರಿಕಾಸುರನ ಹೆಂಡತಿ. ಭದ್ರಕಾಳಿ ಗಂಡನನ್ನು ಕೊಂದಾಗ ಇವಳು ಶಿವನಿಂದ ಪಡೆದ ಬೆವರಿನ ಹನಿಗಳನ್ನು ಕಾಳಿಯ ಮೈಗೆ ಎರಚಿದಳು, ಕಾಳಿಗೆ ಸಿಡುಬು ಎದ್ದಿತು. ಸಿಟ್ಟಾದ ಕಾಳಿ ಇವಳ ಕಣ್ಣು ಕಿತ್ತು, ವಸೂರಿಮಾಲೆ ಎಂದು ಹೆಸರಿಟ್ಟು, ತನ್ನ ಹಿಂದೆಯೇ ತಿರುಗುವ ಸಿಡುಬಿನ ದೇವತೆಯಾಗಿ ಮಾಡಿಕೊಂಡಳು. ಕುರುಪ್ಪುಗಳ ಹಾಡಿನಲ್ಲಿ ಇವಳು ಬರುತ್ತಾಳೆ, ತೆಕ್ಕೇಟತ್ತ್‌ನವರ ಕಳಂನಲ್ಲಿ ಬರುವುದಿಲ್ಲ. ಟೀಚರ್ ಇವಳನ್ನು ಹನ್ನೊಂದು ಹಾಳೆಗಳಲ್ಲಿ ಬರೆಯಲು ಹೊರಟರು. ಹತ್ತು ಮುಗಿದಿದ್ದವು: ಗಂಡನಿಗೆ ಬುತ್ತಿ ಕಟ್ಟುವ ಮನೋದರಿ, ಕೈಲಾಸದ ದಾರಿಯಲ್ಲಿ ಕಲ್ಲ ಮೇಲೆ ಕೂತ ಮನೋದರಿ, ಸುದ್ದಿ ತಂದವನ ಮುಖ ನೋಡುವ ಮನೋದರಿ. ಹನ್ನೊಂದನೆಯದು ಒಂಬತ್ತು ಅಡಿಯ ಹಾಳೆ. ಅದರಲ್ಲಿ ಕಾಳಿಯೂ ಮನೋದರಿಯೂ ಎದುರುಬದುರು ಕೂತಿರುತ್ತಾರೆ; ಇಬ್ಬರ ಮೈಯಲ್ಲೂ ಸಿಡುಬಿನ ಗುಳಿ, ಮನೋದರಿಗೆ ಎರಡೂ ಕಣ್ಣು. ಇದೊಂದನ್ನು ನಿವೃತ್ತಿಯ ಪ್ರದರ್ಶನದ ಸಭಾಂಗಣದಲ್ಲೇ ನೆಲದ ಮೇಲೆ ಹಾಸಿ, ಉದ್ಘಾಟನೆಗೆ ಮುಂಚಿನ ಮೂರು ದಿನ ಎಲ್ಲರ ಕಣ್ಣೆದುರು ಬರೆಯುತ್ತೇನೆಂದು ಅವರು ತೀರ್ಮಾನಿಸಿದರು. ಮುಗಿದ ಹತ್ತೂ ಹಾಳೆಗಳು ಗೋಡೆಯ ಮೇಲೆ.

ಇಲ್ಲಿ ನನ್ನ ಪ್ರಮಾದ ಶುರುವಾಗುತ್ತದೆ. ಟೀಚರ್‌ಗೆ ಹೇಳದೆ ನಾನು ಅವರ ಅಣ್ಣನ ಮನೆಗೆ ಹೋದೆ. ಮಾಧವ ಕುರುಪ್ಪರು ಅರವತ್ತೇಳರ ತೆಳ್ಳಗಿನ ಮನುಷ್ಯ, ಉಗುರಿನ ಸಂದಿಯಲ್ಲಿ ಯಾವಾಗಲೂ ಅರಿಸಿನ. ಚಹಾ ಕೊಟ್ಟು, ತಲೆ ತಗ್ಗಿಸಿ ನನ್ನ ಮಾತೆಲ್ಲ ಕೇಳಿದರು. ತಂಗಿ ನಿವೃತ್ತಳಾಗುತ್ತಿದ್ದಾಳೆ, ನೀವು ಬಂದು ಉದ್ಘಾಟನೆಯ ದೀಪ ಹಚ್ಚಿಕೊಡಬೇಕು, ಅವರಿಗೆ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ ಎಂದೆ. "ನೋಡುವ" ಎಂದರು. ಅದಕ್ಕಿಂತ ಹೆಚ್ಚು ಒಂದು ಅಕ್ಷರ ಸಿಕ್ಕಲಿಲ್ಲ. ಬರುವುದಿಲ್ಲ ಎಂದೇ ಲೆಕ್ಕ ಹಾಕಿ ದೀಪ ಹಚ್ಚಲು ಪ್ರಾಂಶುಪಾಲರನ್ನು ಒಪ್ಪಿಸಿಟ್ಟುಕೊಂಡೆ.

ಉದ್ಘಾಟನೆಯ ಬೆಳಗ್ಗೆ ಹತ್ತಕ್ಕೆ ಟೀಚರ್ ಮನೋದರಿಯ ಎಡಗಣ್ಣು ಮುಗಿಸಿ ಎದ್ದರು. ಗಂಜಿಯ ತಿಳಿ ಇನ್ನೂ ಚಿಮುಕಿಸಿರಲಿಲ್ಲ. ಸಂಜೆ ಜನ ಹೋದ ಮೇಲೆ ಮಾಡುವುದೆಂದಿತ್ತು. ಎಲ್ಲ ಸಮಾರಂಭಗಳಲ್ಲಿ ಮಾಡುವಂತೆ ನಾನು ಹಾಳೆಯ ತಲೆಯ ಕಡೆ ಐದು ಬತ್ತಿಯ ದೀಪ ಇಡಿಸಿದೆ, ಪಕ್ಕದಲ್ಲಿ ಅಳತೆಯ ಪಾತ್ರೆ ತುಂಬ ಅಕ್ಕಿ, ಅದರಲ್ಲಿ ತೆಂಗಿನ ಹೊಂಬಾಳೆ ಚುಚ್ಚಿಸಿದೆ. ಚಂದ ಕಾಣುತ್ತಿತ್ತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ಮಾಧವ ಕುರುಪ್ಪರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಕೊಡೆ ಹಿಡಿದು ನಿಂತಿದ್ದರು. ಟೀಚರ್ ಅಲ್ಲೇ ಗೋಡೆಗೆ ಕೈ ಊರಿದರು.

ಕುರುಪ್ಪರು ಮೊದಲು ಗೋಡೆಯ ಹತ್ತನ್ನೂ ನೋಡುತ್ತಾ ಬಂದರು. ಒಂದರ ಮುಂದೆ ಸ್ವಲ್ಪ ಹೆಚ್ಚು ನಿಂತರು. ಆಮೇಲೆ ನೆಲದ ಹಾಳೆಗೆ ಒಂದು ಸುತ್ತು ಬಂದು, ಮನೋದರಿಯ ಮುಖದ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವಳ ಕಣ್ಣನ್ನೇ ನೋಡಿದರು. ಸಂತೋಷದಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ. ಪ್ರಾಂಶುಪಾಲರ ಕೈಯಿಂದ ಬೆಂಕಿಪೆಟ್ಟಿಗೆ ತೆಗೆದು ಅವರ ಕೈಗೆ ಕೊಟ್ಟೆ. ಅವರು ಒಮ್ಮೆ ನನ್ನನ್ನು, ಒಮ್ಮೆ ತಂಗಿಯನ್ನು ನೋಡಿ, ಐದು ಬತ್ತಿಯನ್ನೂ ಹಚ್ಚಿದರು. ಚಪ್ಪಾಳೆ ಬಿತ್ತು. ಪ್ರಾಂಶುಪಾಲರು ಭಾಷಣದ ಕಾಗದ ಬಿಡಿಸಿದರು.

ಆಗ ಕುರುಪ್ಪರು ಅಂಗಿ ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟರು. ಹೆಗಲ ಬಟ್ಟೆಯನ್ನು ಸೊಂಟಕ್ಕೆ ಬಿಗಿದರು. ಅಕ್ಕಿಯಿಂದ ಹೊಂಬಾಳೆ ಎತ್ತಿಕೊಂಡು, ಹಾಳೆಯ ಕೆಳಗಿನ ತುದಿಗೆ ಬಂದು ಮಂಡಿಯೂರಿ, ಬಾಯಲ್ಲಿ ಏನೋ ಹಾಡಿಕೊಳ್ಳುತ್ತಾ, ಕಾಳಿಯ ಪಾದದಿಂದ ಮೇಲಕ್ಕೆ ಅಳಿಸತೊಡಗಿದರು. ನಾಲ್ಕು ತಿಂಗಳು ಕುಟ್ಟಿದ ಪುಡಿ, ಮೂರು ದಿನ ಬಗ್ಗಿ ಬರೆದ ಗೆರೆ, ಹಸಿರೂ ಕೆಂಪೂ ಒಂದಾಗಿ ಹೊಂಬಾಳೆಯ ಹಿಂದೆ ಹೋಗುತ್ತಿದ್ದವು. ಮೊಬೈಲು ಎತ್ತಿ ಹಿಡಿದಿದ್ದ ಮಕ್ಕಳ ಕೈಗಳು ತಾವಾಗಿ ಇಳಿದವು. ನಾನು ಹಾರಿ ತಡೆಯಲು ಹೋದೆ, ಟೀಚರ್ ನನ್ನ ಮುಂಗೈ ಹಿಡಿದರು. "ಬಿಡು, ಮುಗೀಲಿ" ಎಂದರು. ಏಳು ವರ್ಷದ ಕೆಲಸದ ಕೊನೆಯ ಹಾಳೆ ಕಣ್ಣೆದುರೇ ಹೋಗುತ್ತಿದೆ, ಅಳಿಸುವವರನ್ನು ಕರೆದು ತಂದವನು ನಾನು, ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು. ಉಳಿದ ಹತ್ತಕ್ಕೂ ಅವರು ಕೈ ಹಾಕಿದರೆ ತಡೆಯುವವರು ಯಾರು ಎಂಬ ಭಯವೂ ಜೊತೆಗಿತ್ತು.

ಕುರುಪ್ಪರಿಗೆ ಅವಸರವಿರಲಿಲ್ಲ. ಕಾಳಿಗೆ ಎಷ್ಟು ಹಾಡಿದರೋ ಮನೋದರಿಗೂ ಅಷ್ಟೇ ಹಾಡಿದರು. ಅವಳ ಕಣ್ಣನ್ನು ಕಟ್ಟಕಡೆಗೆ ಅಳಿಸಿದರು. ಹಾಳೆಯ ಮೇಲೆ ಬೂದಿ ಬಣ್ಣದ ಒಂದು ಮಬ್ಬು, ಅಲ್ಲಲ್ಲಿ ಅರಿಸಿನದ ಕಲೆ ಮಾತ್ರ ಉಳಿಯಿತು. ಆಮೇಲೆ ಪುಡಿಯನ್ನು ಒಂದು ಬಾಳೆ ಎಲೆಯ ತುಂಡಿಗೆ ಬಳಿದುಕೊಂಡು ಎದ್ದರು. ಕಳಂ ಅಳಿಸಿದ ಪುಡಿ ಪ್ರಸಾದ. ಅದರ ಮೊದಲ ಚಿಟಿಕೆ ಬರೆದವರಿಗೆ ಸಲ್ಲಬೇಕೆಂಬುದು ತೆಕ್ಕೇಟತ್ತ್ ಮನೆಯ ಪದ್ಧತಿ. ಆ ಮನೆಯಲ್ಲಿ ಇದುವರೆಗೆ ಯಾವ ಹೆಂಗಸಿಗೂ ಅದು ಸಂದಿರಲಿಲ್ಲ. ಅವರು ನೇರ ತಂಗಿಯ ಎದುರು ಬಂದು ನಿಂತರು.

"ತಗೋ ಹೈಮೇ."

ಟೀಚರ್ ಕೈ ಚಾಚಲಿಲ್ಲ. "ಏಟ್ಟ, ಇದು ಕಳಂ ಅಂತ ಅನ್ನಿಸಿತಾ ನಿಮ್ಗೆ?"

"ಮತ್ತೆಂತ? ಓಣದ ಹೂವಿನ ರಂಗೋಲಿ ಅಳಿಸ್ಲಿಕ್ಕೆ ನಾನು ಅಂಗಿ ಬಿಚ್ತೇನಾ?"

ಇಪ್ಪತ್ತೇಳು ವರ್ಷ ಒಳಗೆ ಕೂತಿದ್ದ ಮಾತು ಆಗ ಅಷ್ಟು ಜನರ ಎದುರೇ ಹೊರಬಂತು. ಇಷ್ಟು ವರ್ಷ ಒಂದನ್ನೂ ಅಳಿಸದೆ ಇಟ್ಟೆ, ಅಚ್ಛ ಹೋದದ್ದು ಅದಕ್ಕೇನಾ ಎಂದು ಟೀಚರ್ ಕೇಳಿದರು. ಕುರುಪ್ಪರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ಬಿದ್ದುಹೋಯಿತು.

"ಅಚ್ಛನ ಎದೆ ತಿಂದದ್ದು ಹೊಟ್ಟಿನ ಕರಿ. ಐವತ್ತು ವರ್ಷ ಬಗ್ಗಿ ಬಗ್ಗಿ ಅದನ್ನೇ ಉಸಿರಾಡಿದ್ದು. ಡಾಕ್ಟ್ರು ಹೇಳಿದ್ರು. ನಿಂಗೆ ಯಾರೂ ಹೇಳ್ಲಿಲ್ವಾ?"

"ಯಾರು ಹೇಳ್ಬೇಕಿತ್ತು?"

ಕುರುಪ್ಪರು ಕೈಯಲ್ಲಿದ್ದ ಪುಡಿಯ ಎಲೆಯನ್ನು ನೋಡಿದರು. "ನಾನೇ ಹೇಳ್ಬೇಕಿತ್ತು" ಎಂದರು.

"ಮತ್ತೆ ಒಂದು ಸಲವೂ ಬಂದು ನೋಡ್ಲಿಲ್ಲ ಯಾಕೆ?"

"ಬಂದಿದ್ರೆ ದೀಪ ಹಚ್ಚಿ ಅಂತಿದ್ರಿ. ನಾನು ಹಚ್ಚಿದ ಮೇಲೆ ದೇವಿಯನ್ನು ಕರೆದ ಹಾಗೆ. ಕರೆದವರನ್ನು ಕಳಿಸದೆ ಎದ್ದು ಹೋಗ್ಲಿಕ್ಕಾಗ್ತದಾ? ನಿನ್ನದೆಲ್ಲ ಉಳೀಲಿ ಅಂತಲೇ ನಾನು ಬರ್ಲಿಲ್ಲ."

ಹಾಗಾದರೆ ಇವತ್ತು ಯಾಕೆ ಹಚ್ಚಿದಿರಿ, ಬೇಡ ಎನ್ನಬಹುದಿತ್ತಲ್ಲ ಎಂದು ನಾನು ಬಾಯಿ ಹಾಕಿದೆ. ಕುರುಪ್ಪರು ನನ್ನ ಕಡೆ ತಿರುಗಿದರು. ಚಿತ್ರವೆಲ್ಲ ಗೋಡೆಯ ಮೇಲೆ ಇರುತ್ತದೆ, ನೋಡಿಕೊಂಡು ಸುಮ್ಮನೆ ಹೋಗೋಣ ಎಂದು ಬಂದವನು ತಾನು. ಕಳಂಗೆ ಇಡುವ ಹಾಗೇ ನೆಲಕ್ಕೆ ಹಾಸಿ, ಅಕ್ಕಿ ತುಂಬಿಸಿ, ಹೊಂಬಾಳೆ ಇಟ್ಟು, ಬೆಂಕಿಪೆಟ್ಟಿಗೆಯನ್ನೂ ಕೈಗೆ ಕೊಟ್ಟವರು ನೀವು ಎಂದರು. ಅವರು ಮೆಲ್ಲಗೆ ಸೇರಿಸಿದರು: "ಬೇಡ ಅನ್ಬಹುದಿತ್ತು ಮಾಷೇ. ಅವಳ ಕಣ್ಣು ನೋಡಿದ ಮೇಲೆ ಬಾಯಿ ಬರ್ಲಿಲ್ಲ. ಅಷ್ಟು ಚಂದ ಬರೆದಿಟ್ಟದ್ದನ್ನು ಕರೆಯದೆ ಬಿಡುವುದು ಹೇಗೆ?"

ಟೀಚರ್ ಎರಡೂ ಕೈ ಜೋಡಿಸಿ ಒಡ್ಡಿದರು. ಚಿಟಿಕೆ ಬಿದ್ದ ಮೇಲೆ, ನನ್ನ ಮನಸ್ಸಿನಲ್ಲಿದ್ದುದನ್ನೇ ಅವರೂ ಕೇಳಿದರು: ಗೋಡೆಯ ಮೇಲಿನ ಹತ್ತು? ಮನೆಯಲ್ಲಿರುವ ಇನ್ನೂರು? ಅವುಗಳ ಮುಂದೆಯೂ ಪ್ರತಿ ಪ್ರದರ್ಶನದಲ್ಲಿ ಯಾರಾದರೊಬ್ಬ ಮಂತ್ರಿ ದೀಪ ಹಚ್ಚಿಯೇ ಇದ್ದಾರಲ್ಲ? ಕುರುಪ್ಪರು ಅಂಗಿ ತೊಡುತ್ತಾ, "ಮಂತ್ರಿ ಹಚ್ಚಿದ ದೀಪಕ್ಕೆ ಯಾರೂ ಬರುವುದಿಲ್ಲ. ಇವೆಲ್ಲ ಹಾಗೇ ಇರ್ಲಿ" ಎಂದರು. ಮೊದಲು ನಕ್ಕವರು ಟೀಚರ್. ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು, ಪ್ರಾಂಶುಪಾಲರು ಭಾಷಣದ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಹೊತ್ತಿನಲ್ಲಿ ನನ್ನ ಎದೆಯಿಂದ ಇಳಿದ ಭಾರವನ್ನು ನಾನು ಬರೆದು ತಿಳಿಸಲಾರೆ. ಟೀಚರ್ ಎದೆಯಿಂದ ಇಳಿದದ್ದರ ಮುಂದೆ ಅದು ಯಾವ ಲೆಕ್ಕ.

ಅಳಿಸಿದ ಹಾಳೆಯನ್ನು ಗೋಡೆಗೆ ಹಾಕೋಣವೆಂದು ಹಲವರು ಹೇಳಿದರು. ಟೀಚರ್ ಒಪ್ಪಲಿಲ್ಲ, ಸುತ್ತಿ ಮನೆಗೆ ಕೊಂಡುಹೋದರು. ಕೊಚ್ಚಿಯ ವಿಮರ್ಶಕರೊಬ್ಬರು ಇದನ್ನು ಮೊದಲೇ ಯೋಜಿಸಿದ ಪ್ರಯೋಗವೆಂದು ತಿಳಿದು ಎರಡು ಪುಟ ಬರೆದರು. ಓದಿ ಹೇಳಿದಾಗ ಟೀಚರ್, ನನಗಿಂತ ಅವರಿಗೇ ಹೆಚ್ಚು ಗೊತ್ತಿದೆ, ಇರಲಿ ಬಿಡು ಎಂದರು. ಮರುದಿನ ಪ್ರದರ್ಶನದ ಬಾಗಿಲಲ್ಲಿ ನನ್ನ ತಪ್ಪಿಗೆ ಕ್ಷಮೆ ಕೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ನಿನ್ನೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ, ಮಧ್ಯಾಹ್ನ ಮಲಗಿದವಳನ್ನು ಗೋವಿಂದನ್‌ಕುಟ್ಟಿ ಮಾಷು ಸಂಜೆ ದೀಪದ ಹೊತ್ತಿಗೆ ಎಬ್ಬಿಸಬೇಕಾಯ್ತು ಎಂದರು. ಮೂವತ್ತು ವರ್ಷದಲ್ಲಿ ಅವರು ಮಧ್ಯಾಹ್ನ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ.

ನಿವೃತ್ತಿಯ ನಂತರದ ಸಮಾಚಾರವನ್ನೂ ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ. ಮಾಧವ ಕುರುಪ್ಪರಿಗೆ ಗಂಡುಮಕ್ಕಳಿಲ್ಲ, ಬಲಗೈಯಲ್ಲಿ ಸಣ್ಣಗೆ ನಡುಕ ಬಂದಿದೆ. ವೃಶ್ಚಿಕ ಮಾಸದಲ್ಲಿ ಕಳಂ ಬರೆಯಲು ತಂಗಿಯನ್ನು ಕರೆಯುತ್ತೇನೆಂದು ಅವರು ಗುಡಿಯ ಸಮಿತಿಗೆ ಹೇಳಿದ್ದಾರೆ. ಸಮಿತಿಯವರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾರೆ. ಎಷ್ಟು ದಿನ ಕೆರೆದುಕೊಳ್ಳುತ್ತಾರೋ ತಿಳಿಯದು. ಮನೆಯೊಳಗಿನ ದೇವಿಯ ಕೋಣೆಗೆ ಮಾತ್ರ ಯಾವ ಸಮಿತಿಯೂ ಇಲ್ಲ. ಪ್ರತಿ ತಿಂಗಳ ಕೊನೆಯ ಶುಕ್ರವಾರ ಅಲ್ಲಿ ಟೀಚರ್ ಬರೆಯುತ್ತಾರೆ, ಅಣ್ಣ ಹಾಡಿ ಅಳಿಸುತ್ತಾರೆ. ಹೊಟ್ಟು ಸುಡುವುದು, ಎಲೆ ಕುಟ್ಟುವುದು ಈಗ ಮಾಧವ ಕುರುಪ್ಪರ ಪಾಲಿನ ಕೆಲಸ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಕುಟ್ಟಿದರೆ ತಂಗಿಯಿಂದ ಬೈಗುಳ. ಉಳಿದ ದಿನಗಳಲ್ಲಿ ಟೀಚರ್ ಎಂದಿನಂತೆ ಕಾಗದದ ಮೇಲೆ, ಎಂದಿನಂತೆ ಗಂಜಿಯ ತಿಳಿ ಚಿಮುಕಿಸಿ, ಉಳಿಯುವ ಹಾಗೆ ಬರೆಯುತ್ತಿದ್ದಾರೆ. ಈಗ ಮೇಜಿನ ಮೇಲಿರುವುದು ಹಿಡಿಂಬಿ. ಮಗನ ಹೆಣ ಸುಟ್ಟ ದಿನ ಭೀಮನಿಗೆ ಅನ್ನ ಬಡಿಸುತ್ತಿದ್ದಾಳೆ ಎಂದು ಕೇಳಿದ್ದೇನೆ, ನೋಡಿಲ್ಲ.

ಪೂಜ್ಯ ಹೈಮವತಿ ಟೀಚರ್ ಅವರಿಗೆ ಪುರಾಣದಲ್ಲಿ ಇನ್ನೂ ಎಷ್ಟು ಹೆಣ್ಣುಗಳು ಮಣೆಗಾಗಿ ಕಾಯುತ್ತಿದ್ದಾರೋ ಅಷ್ಟೂ ಮಂದಿಯನ್ನು ಕೂರಿಸಿ ಮುಗಿಸುವಷ್ಟು ಆಯುಸ್ಸಿರಲಿ, ಬಗ್ಗಿ ಬರೆಯಲು ಬೆನ್ನಿಗೆ ಬಲವಿರಲಿ, ಅವರು ಬರೆದದ್ದನ್ನು ಕಳಿಸಿಕೊಡುವ ಅಣ್ಣನ ಕೈಗೂ ಅಷ್ಟೇ ಆಯುಸ್ಸಿರಲಿ ಎಂದು ಶಿಷ್ಯರೆಲ್ಲರ ಪರವಾಗಿ ಹಾರೈಸುತ್ತೇನೆ. ಈ ಗ್ರಂಥದ ಬಿಡುಗಡೆಯ ದಿನ ಅವರ ಎಪ್ಪತ್ತು ಚಿತ್ರಗಳನ್ನು ಸಭೆಯ ಸುತ್ತ ತೂಗುಹಾಕಲಿದ್ದೇವೆ. ಮಾಧವ ಕುರುಪ್ಪರು ಮೊದಲ ಸಾಲಿನಲ್ಲಿ ಕೂರುತ್ತಾರೆ. ಏನೇ ಆದರೂ ನನ್ನ ಕೈಗೆ ಬೆಂಕಿಪೆಟ್ಟಿಗೆ ಕೊಡಬೇಡಿ ಎಂದು ಈಗಾಗಲೇ ಹೇಳಿ ಕಳಿಸಿದ್ದಾರೆ. ದೀಪ ಹಚ್ಚಲು ಒಬ್ಬ ಮಂತ್ರಿಗಳು ಒಪ್ಪಿದ್ದಾರೆ.